ಐವತ್ತೊಂದನೇ ಪುಟದ ಮೂಲೆ

ಅವರ ಬಲಗೈ ಹೆಬ್ಬೆರಳ ಉಗುರಿನಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟು ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಕೆರೆದು ತೆಗೆಯುವರು. ಮತ್ತೊಂದು ಪುಸ್ತಕಕ್ಕೆ ಖಾಕಿ ಹೊದಿಕೆ ಅಂಟಿಸುವಷ್ಟರಲ್ಲಿ ಅದು ಮತ್ತೆ ಅಲ್ಲಿರುತ್ತಿತ್ತು. ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಟೈಲರ್ ಅಂಗಡಿಯ ಮಹಡಿಯಲ್ಲಿ ಅವರ ಬಾಡಿಗೆ ಪುಸ್ತಕದ ಲೈಬ್ರರಿ. ನಮಗೆಲ್ಲ ಅವರು ಲೈಬ್ರರಿ ಅಕ್ಕ. ಒಳಗಿದ್ದದ್ದು ಹೆಚ್ಚೂಕಡಿಮೆ ಪ್ರೇಮ ಕಾದಂಬರಿಗಳೇ. ಬೇರೆ ಏನಾದರೂ ಕೇಳಿದವರನ್ನು ಅಕ್ಕ ದಾರಿ ತಪ್ಪಿ ಬಂದವರನ್ನು ನೋಡುವ ಹಾಗೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಅಲ್ಲೊಂದು ರೂಢಿಯಿತ್ತು. ಓದಿದ್ದನ್ನೇ ಮತ್ತೆ ಒಯ್ದು ಪೇಚಾಡಬಾರದೆಂದು ಪ್ರತಿಯೊಬ್ಬಳೂ ಐವತ್ತೊಂದನೇ ಪುಟದ ಕೆಳಮೂಲೆಯಲ್ಲಿ ಪೆನ್ಸಿಲ್ಲಿನಿಂದ ತನ್ನದೊಂದು ಗುರುತು ಹಾಕುತ್ತಿದ್ದಳು. ಜಯಪುರದ ಟೀಚರದ್ದು ತ್ರಿಕೋನ, ಶೃಂಗೇರಿಯಲ್ಲಿ ಲಾಡ್ಜ್ ನಡೆಸುವವರ ಸೊಸೆಯದ್ದು ಅರ್ಧಚಂದ್ರ, ನರಸಿಂಹರಾಜಪುರದಿಂದ ಬರುತ್ತಿದ್ದ ನನ್ನದು ಮೂರು ಚುಕ್ಕಿ. ಅಕ್ಕನದು ಒಂದು ಕಡ್ಡಿ, ಎರಡು ಎಲೆ. ಹೊಸ ಪುಸ್ತಕದಲ್ಲಿ ಬೀಳುವ ಮೊದಲ ಗುರುತು ಅದೇ. ಐವತ್ತೊಂದೇ ಯಾಕೆಂದು ಒಮ್ಮೆ ಕೇಳಿದ್ದೆ.

“ಐವತ್ತು ಪುಟ ದಾಟಿದವಳು ನಡುವೆ ಬಿಡೂದಿಲ್ಲ ಮಾರಾಯ್ತಿ. ಅಷ್ಟರೊಳಗೆ ಬಿಟ್ಟರೆ ಅದು ಓದಿದ ಲೆಕ್ಕ ಅಲ್ಲ” ಅಂದರು.

ಯಾವ ಕಾದಂಬರಿ ಓಡುತ್ತದೆ, ಯಾವುದು ಮಲಗುತ್ತದೆ ಎಂಬುದು ಪ್ರಕಾಶಕರಿಗಿಂತ ಮೊದಲು ಅವರಿಗೆ ಆ ಮೂಲೆಯಲ್ಲಿ ಗೊತ್ತಾಗಿಬಿಡುತ್ತಿತ್ತು.

ನನ್ನ ಮೊದಲ ಕಾದಂಬರಿಯ ಹಸ್ತಪ್ರತಿ ಓದಿದವರೂ ಅವರೇ. ನಾಯಕಿಯ ವಿರಹಕ್ಕೆ ಅತ್ತಿರುತ್ತಾರೆಂದು ಆಸೆಯಿಂದ ಕಾದು ಕೂತಿದ್ದೆ.

“ಎಲ್ಲ ಸರಿ. ನಿನ್ನ ಹುಡುಗಿ ಮೂರು ದಿನದಿಂದ ಎಂತದೂ ತಿಂದಿಲ್ಲ ಅಲ್ದನೇ?”

“ದುಃಖ ಅಕ್ಕ. ಅವನು ಬಿಟ್ಟು ಹೋಗಿದ್ದಾನಲ್ಲ.”

“ನಮ್ಮನೆಯವರು ತೀರಿಕೊಂಡ ಮಾರನೇ ದಿನ ನಾನು ಗಂಜಿ ಉಂಡಿದೀನಿ. ಉಪ್ಪಿನಕಾಯಿ ನೆಂಚಿಕೊಂಡೇ ಉಂಡಿದೀನಿ. ಅಳೂದು ಅಳಲಿ, ಅವಳಿಗೆ ಊಟ ಹಾಕು.”

ನನಗೆ ಸಿಟ್ಟು ಬಂತು. ಆದರೂ ಮನೆಗೆ ಹೋಗಿ ನಾಯಕಿಯನ್ನು ಗಂಜಿಯ ಮುಂದೆ ಕೂರಿಸಿದೆ. ಆ ಪುಸ್ತಕದ ಐವತ್ತೊಂದನೇ ಪುಟದಲ್ಲಿ ಆಮೇಲೆ ಗುರುತು ಹಾಕಲು ಜಾಗವಿರಲಿಲ್ಲ. ಅಂದಿನಿಂದ ನನ್ನ ನಾಯಕಿಯರೆಲ್ಲ ಅಳುತ್ತಲೇ ಉಂಡವರು.

ಮೊದಲೆಲ್ಲ ಓದುವವರಿಗೆ ಅತ್ತೆಯ ಕಾಟ ಸಹಿಸಿ ಕೊನೆಗೆ ಗೆಲ್ಲುವ ಸೊಸೆ ಬೇಕಿತ್ತು. ಆಮೇಲೆ ಕೆಲಸಕ್ಕೆ ಹೋಗುವ ನಾಯಕಿ ಬಂದಳು. ಟೀವಿ ಧಾರಾವಾಹಿ ಬಂತು, ವಾರಪತ್ರಿಕೆಗಳಲ್ಲಿ ಕಾದಂಬರಿಯ ಜಾಗ ಹೋಯಿತು, ಕೊನೆಗೆ ಮೊಬೈಲು. “ಪ್ರೇಮ ಕಥೆ ಈಗ ಯಾರು ಕೊಂಡು ಓದ್ತಾರೆ ಮೇಡಂ? ವ್ಯಕ್ತಿತ್ವ ವಿಕಸನ ಇದ್ದರೆ ಕೊಡಿ” ಎಂದರು ನನ್ನ ಪ್ರಕಾಶಕರು. ಅವರ ಕೈಕಾಲು ಹಿಡಿದು ಅಚ್ಚು ಹಾಕಿಸಿದ ನನ್ನ ಕೊನೆಯ ಕಾದಂಬರಿಯನ್ನು ಅಕ್ಕ ಮುಂದಿನ ಸಾಲಿನಲ್ಲಿಟ್ಟರು. ವರ್ಷ ಕಳೆದರೂ ಅದರಲ್ಲಿದ್ದದ್ದು ಅಕ್ಕನ ಗುರುತು ಒಂದೇ. ನಾನು ಹೋದಾಗಲೆಲ್ಲ ಕದ್ದು ನೋಡುತ್ತಿದ್ದೆ. ಅವರು ಆಗ ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದರು.

ನಾನು ಮೊಬೈಲಿನ ಕಥೆಯ ಆ್ಯಪಿಗೆ ಬರೆಯತೊಡಗಿದೆ. ದಿನಕ್ಕೊಂದು ಕಂತು. ನಾಯಕ ಕಂಪನಿ ಮಾಲೀಕನಾಗಿರಬೇಕು, ನಗಬಾರದು. ಪ್ರತಿ ಕಂತಿನ ಕೊನೆಗೆ ಯಾರಾದರೂ ದಡಕ್ಕನೆ ಬಾಗಿಲು ತೆರೆಯಬೇಕು. “ಊಟದ ಸೀನ್ ಬೇಡ ಮೇಡಂ, ರೀಡರ್ಸ್ ಸ್ಕಿಪ್ ಮಾಡ್ತಾರೆ” ಎಂದು ಅಲ್ಲಿನ ಹುಡುಗಿ ಮೆಸೇಜು ಮಾಡಿದಳು. ತೆಗೆದುಹಾಕಿದೆ. ಸಾವಿರಾರು ಜನ ಓದುತ್ತಿದ್ದಾರೆಂದು ಫೋನು ಹೇಳುತ್ತಿತ್ತು. ಜಂಬದಿಂದ ಅಕ್ಕನಿಗೆ ತೋರಿಸಿದೆ. ಅವರು ಒಂದು ಕಂತು ಪೂರ್ತಿ ಓದಿ, ಫೋನು ವಾಪಸು ಕೊಟ್ಟು, “ಇವರೆಲ್ಲ ಗುರುತು ಎಲ್ಲಿ ಹಾಕ್ತಾರೆ?” ಎಂದಷ್ಟೇ ಕೇಳಿದರು. ನನಗೆ ನಾಚಿಕೆಯಾಯಿತು. ಕೆಲಸ ಜಾಸ್ತಿ ಎಂದು ನೆವ ಹೇಳಿ ಅಲ್ಲಿಗೆ ಹೋಗುವುದನ್ನೇ ಬಿಟ್ಟೆ.

ಎರಡು ವರ್ಷದ ನಂತರ ಹೋದಾಗ ಲೈಬ್ರರಿ ಮುಚ್ಚಿತ್ತು. ಅಕ್ಕ ಮೇಗುಂದದಲ್ಲಿ ತಂಗಿಯ ಮನೆಯಲ್ಲಿದ್ದರು. ಅವರಿಗೆ ಮರೆವಿನ ಕಾಯಿಲೆ ಎಂದು ತಂಗಿ ಬಾಗಿಲಲ್ಲೇ ಹೇಳಿದರು. ಅಕ್ಕನ ಉಗುರು ಸ್ವಚ್ಛವಾಗಿತ್ತು. ಮಡಿಲಲ್ಲಿ ನನ್ನ ಕೊನೆಯ ಕಾದಂಬರಿ. ನನ್ನನ್ನು ಹೊಸ ಗಿರಾಕಿ ಎಂದುಕೊಂಡರು.

“ಇದನ್ನ ತಗೊಂಡು ಹೋಗಿ. ಹುಡುಗಿ ಅಳ್ತಾ ಅಳ್ತಾನೇ ಉಣ್ತಾಳೆ. ಬರೆದವಳು ಯಾರೋ, ಅವಳಿಗೆ ಹಸಿವು ಗೊತ್ತು. ಕೊನೆ ಹೇಳೂದಿಲ್ಲ, ನೀವೇ ಓದಿ.”

ಬರೆದವಳು ನಾನೇ ಎನ್ನಬಹುದಿತ್ತು. “ನೀವು ಮುಗಿಸಿ ಅಕ್ಕ, ಆಮೇಲೆ ಒಯ್ತೀನಿ” ಎಂದು ಎದ್ದು ಬಂದೆ.

ಈ ವರ್ಷ ಅವರು ಹೋದರು. ಹದಿಮೂರನೇ ದಿನದ ಊಟಕ್ಕೆ ಹೋದಾಗ ತಂಗಿ ಆ ಪುಸ್ತಕವನ್ನು ನನ್ನ ಕೈಗಿಟ್ಟರು. ಉಳಿದವೆಲ್ಲ ಗುಜರಿಗೆ ಹೋಗಿದ್ದವಂತೆ. ಐವತ್ತೊಂದನೇ ಪುಟ ತೆರೆದೆ. ಒಂದು ಕಡ್ಡಿ, ಎರಡು ಎಲೆ. ಅದರ ಪಕ್ಕ ಅಂಥದೇ ಇನ್ನೊಂದು, ಮತ್ತೊಂದು. ಎಣಿಸಿದರೆ ಏಳು. ಮೊದಲನೆಯದು ನೆಟ್ಟಗಿತ್ತು. ಕೊನೆಯದರಲ್ಲಿ ಎಲೆಗಳು ಕಡ್ಡಿಯಿಂದ ದೂರ ಬಿದ್ದಿದ್ದವು.

“ಪ್ರತಿ ಸಲ ಹೊಸತು ಅಂತಲೇ ಓದ್ತಿದ್ಲು. ಗುರುತು ತನ್ನದೇ ಅಂತ ಗೊತ್ತಾಗ್ತಿರ್ಲಿಲ್ಲ” ಅಂದರು ತಂಗಿ.

ಮೆಚ್ಚಿ ಓದಿದರೋ, ಮರೆತು ಓದಿದರೋ, ಇನ್ನು ಕೇಳುವಂತಿಲ್ಲ. ಏಳು ಸಲವೂ ಅವರು ಐವತ್ತು ಪುಟ ದಾಟಿದ್ದರು. ಅಂಥ ಓದುಗರನ್ನು ಬಿಟ್ಟು ಓಡಿದವಳು ನಾನು.

ಒಳಗಿಂದ ಊಟಕ್ಕೆ ಕರೆದರು. ಎಲೆಯ ಮುಂದೆ ಕೂತು, ಅಳುತ್ತಲೇ, ಬಡಿಸಿದ್ದನ್ನೆಲ್ಲ ಉಂಡೆ.