ಅಕ್ಕನ ಸೊಂಟದ ಟ್ಯೂಬು

ಚಿಕ್ಕಮಗಳೂರಿನ ಹೊರಗೆ, ಕಾಫಿ ಕ್ಯೂರಿಂಗ್ ವರ್ಕ್ಸ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಟ್ಯೂಬು ಮಾಡುತ್ತೇನೆ. ಕರಗಿದ ಪ್ಲಾಸ್ಟಿಕ್ಕು ಅಚ್ಚಿನಿಂದ ನೂಲಿನ ಹಾಗೆ ಹೊರಬಂದು, ತಣ್ಣೀರಿನ ತೊಟ್ಟಿಯಲ್ಲಿ ಹಾದು, ಆಚೆ ಬದಿಯ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಅದರ ಒಳಗೆ ತೀರಾ ಸಪೂರದ ಒಂದು ದಾರಿ. ಸಕ್ಕರೆ ಕಾಯಿಲೆಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಇನ್ಸುಲಿನ್ ಪಂಪಿನಿಂದ ಹೊಟ್ಟೆಯ ಚರ್ಮದವರೆಗೆ ಔಷಧಿ ಹೋಗುವುದು ಆ ದಾರಿಯಲ್ಲೇ. ಟ್ಯೂಬು ಎಲ್ಲಿ ಮೆತ್ತಗಿರಬೇಕು, ಎಲ್ಲಿ ಬಿಗಿಯಾಗಿರಬೇಕು ಎಂದು ನಿರ್ಧರಿಸುವುದು ನನ್ನ ಕೆಲಸ.

ಗೋಣಿಬೀಡಿನ ಹತ್ತಿರ ಮದುವೆಯಾಗಿ ಹೋದ ನನ್ನ ಅಕ್ಕನಿಗೆ ಕಾಲೇಜಿನ ದಿನಗಳಿಂದಲೂ ಇನ್ಸುಲಿನ್ ಬೇಕು. ಸೂಜಿ ಚುಚ್ಚಿಕೊಂಡು ಸಾಕಾಗಿದ್ದ ಅವಳಿಗೆ ಡಾಕ್ಟರು ಪಂಪು ಹಾಕಿಸಿದರು. ಅದರ ಜೊತೆ ಬಂದ ಟ್ಯೂಬು ನಮ್ಮ ಕಾರ್ಖಾನೆಯದೇ ಎಂದು ತಿಳಿದಾಗ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಕಾಫಿ ಕುಯ್ಲು ಶುರುವಾದ ಮೇಲೆ ಭಾವನ ಫೋನ್ ಬಂತು. ಪಕ್ಕದಲ್ಲಿ ಯಾರಿಗೋ ಕೇಳಿಸೀತು ಎಂಬಂಥ ದನಿ.

"ಒಂದು ವಿಷ್ಯ ಕೇಳ್ಬೇಕು. ನಿನ್ನ ಅಕ್ಕಂಗೆ ಹೇಳ್ಬೇಡ. ಆ ಪಂಪಲ್ಲಿ ಅವ್ಳು ಎಂತ ತಿಂದ್ಳು ಅಂತ ಗೊತ್ತಾಗುತ್ತಾ?"

"ತಿಂದಿದ್ದು ಗೊತ್ತಾಗಲ್ಲ ಭಾವ. ಎಷ್ಟು ಇನ್ಸುಲಿನ್ ಬಿಟ್ಟಿದೆ ಅಂತ ಮಾತ್ರ ಇರುತ್ತೆ. ಯಾಕೆ?"

"ಬೆಳಿಗ್ಗೆ ಸರಿ ಇರುತ್ತೆ ಮಾರಾಯ್ತಿ. ತೋಟಕ್ಕೆ ಹೋದ್ರೆ ಶುಗರ್ ಏರ್ತದೆ. ಆಮೇಲೆ ಇದ್ದಕ್ಕಿದ್ದಂಗೆ ಇಳಿದು ಕೈಕಾಲು ನಡುಗ್ತದೆ. ಅವ್ಳು ಕದ್ದು ತಿಂತಾಳೆ, ಆಮೇಲೆ ಹೆದರಿ ಜಾಸ್ತಿ ಇನ್ಸುಲಿನ್ ತಗೊಳ್ತಾಳೆ ಅಂತ ಅಮ್ಮ ಹೇಳ್ತಾರೆ."

"ನಿಮಗೆ ಏನನ್ನಿಸುತ್ತೆ?"

ಭಾವ ಫೋನ್ ಇಟ್ಟರು. ಆಮೇಲೆ ಪಂಪಿನ ಪರದೆಯ ಫೋಟೋ ತೆಗೆದು ಕಳಿಸಿದರು. ಅಕ್ಕ ಸ್ನಾನಕ್ಕೆ ಹೋಗಿದ್ದಾಗ ತೆಗೆದದ್ದಂತೆ. ಹೆಚ್ಚಿಗೆ ತೆಗೆದುಕೊಂಡ ಗುರುತು ಅದರಲ್ಲಿ ಇರಲಿಲ್ಲ. ಔಷಧಿ ಎಲ್ಲಾದರೂ ತಡೆದರೆ ಕೂಗಬೇಕಾದ ಅಲಾರಂ ಒಮ್ಮೆಯೂ ಕೂಗಿರಲಿಲ್ಲ.

ಮರುದಿನ ಕಾರ್ಖಾನೆಯ ಮುಖ್ಯಸ್ಥರಿಗೆ ವಿಷಯ ಹೇಳಿದೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಪೇಷಂಟ್‌ಗಳೆಲ್ಲ ಹಾಗೇ ಮೇಡಂ. ತಿಂದಿಲ್ಲ ಅಂತಾರೆ. ಪಂಪಲ್ಲಿ ಕಾಣ್ಬಾರ್ದು ಅಂತ ಬೇರೆ ಸೂಜಿ ಹಾಕ್ಕೊಂಡಿರ್ತಾರೆ. ನಮ್ಮ ಟ್ಯೂಬು ಎಲ್ಲ ಪರೀಕ್ಷೆ ಪಾಸಾಗಿದೆ. ಪರೀಕ್ಷೆ ಬರೆದೋರು ನೀವೇ ಅಲ್ವಾ?"

ಹೌದು, ನಾನೇ. ಲೋಹದ ಕಡ್ಡಿಗೆ ಟ್ಯೂಬನ್ನು ಸುತ್ತಿ, ಬಗ್ಗಿಸಿ, ಹನಿ ನಿಲ್ಲುವುದಿಲ್ಲ ಎಂದು ತೋರಿಸಿದವಳು ನಾನು. ಆದರೂ ಆ ದಿನ ಚಕ್ರದಿಂದ ಒಂದು ತುಂಡು ಕತ್ತರಿಸಿ ಬೆರಳಲ್ಲಿ ಮಡಚುತ್ತ ಕುಳಿತೆ. ಪ್ಲಾಸ್ಟಿಕ್ ಕಾಳು ಕಳಿಸುವವರು ಏನಾದರೂ ಬದಲಾಯಿಸಿದರೇ? ತೊಟ್ಟಿಯ ನೀರು ಬಿಸಿಯಾಯಿತೇ? ಅಥವಾ ಅಕ್ಕನೇ...? ಆ ಕೊನೆಯ ಪ್ರಶ್ನೆ ಬಂದದ್ದೇ ತಡ, ಭಾನುವಾರ ಗೋಣಿಬೀಡಿಗೆ ಹೋಗುವುದೆಂದು ತೀರ್ಮಾನಿಸಿದೆ.

ಆ ಮನೆಯಲ್ಲಿ ಬೆಲ್ಲದ ಡಬ್ಬಿ ಅಡುಗೆಮನೆಯಿಂದ ಅಕ್ಕನ ಅತ್ತೆಯ ಕೋಣೆಗೆ ಹೋಗಿತ್ತು. ಬಾಳೆಗೊನೆಯೂ ಅಲ್ಲೇ. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ನೀವಾದ್ರೂ ಬುದ್ಧಿ ಹೇಳಿ. ತೋಟದಲ್ಲಿ ಆಳುಗಳ ಬುತ್ತೀಲಿ ಕೈ ಹಾಕ್ತಾಳೋ ಏನೋ, ಯಾರು ಕಂಡೋರು?" ಎಂದರು. ಅವರ ಕಣ್ಣಲ್ಲಿ ದ್ವೇಷವಿರಲಿಲ್ಲ, ಭಯವಿತ್ತು. ಸೊಸೆ ಒಮ್ಮೆ ಗಿಡದ ಬುಡದಲ್ಲಿ ಕುಸಿದುಬಿದ್ದದ್ದನ್ನು ಅವರೇ ನೋಡಿದ್ದರು.

ತೋಟಕ್ಕೆ ಇಳಿಯುವಾಗ ಅಕ್ಕ ಸೀರೆಯ ಮೇಲೆ ಭಾವನ ಹಳೆಯ ಶರ್ಟು ಹಾಕಿಕೊಂಡು, ಕಾಫಿಹಣ್ಣು ತುಂಬುವ ಚೀಲವನ್ನು ಸೊಂಟಕ್ಕೆ ಬಿಗಿದುಕೊಂಡಳು.

"ನೀನೂ ಕಾವಲಿಗೆ ಬಂದ್ಯಾ?" ಎಂದಳು. "ಸೆರಗಿನ ಗಂಟು ಬಿಚ್ಚಿ ತೋರಿಸ್ಲಾ?"

"ಅಕ್ಕ, ಹಾಗೆಲ್ಲ ಮಾತಾಡ್ಬೇಡ."

"ಹಾಗಾದ್ರೆ ನಾನೊಂದು ಕೇಳ್ತೀನಿ, ನಿಜ ಹೇಳು. ಇದು ನಿಮ್ಮಲ್ಲಿ ಇನ್ನೂ ಪರೀಕ್ಷೆ ಮುಗೀದೇ ಇರೋ ಮಾಲಾ? ತಂಗಿ ಅಂತ ನಂಬಿದ್ದಕ್ಕೆ ನನ್ನ ಮೇಲೆ ಹಾಕಿ ನೋಡ್ತಿದ್ದೀಯಾ?"

ಇಲ್ಲ ಎಂದೆ. ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ಬೆಳಿಗ್ಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಅಕ್ಕಿರೊಟ್ಟಿ ತಿಂದಿದ್ದೆವು. ಅಲ್ಲಿಂದ ಮುಂದೆ ನಾನು ಅವಳ ಬದಿ ಬಿಡಲಿಲ್ಲ. ಗಿಡದಲ್ಲಿ ಕೊಯ್ಯುವಷ್ಟು ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ನೆಲಕ್ಕುದುರಿದ ಹಣ್ಣು ಆರಿಸಲು ಅವಳು ಕುಕ್ಕರುಗಾಲಲ್ಲಿ ಕುಳಿತಳು. ಚೀಲ ತುಂಬುತ್ತ ಹೋಯಿತು. ಒಂದು ಸಾಲಿನ ಬುಡಗಳನ್ನೆಲ್ಲ ಹೀಗೆ ಕೂತೇ ಸರಿಯುತ್ತ ಆರಿಸಿದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಏರಿತ್ತು. ಹನಿ ನೀರಿನ ಹೊರತು ಅವಳ ಬಾಯಿಗೆ ಏನೂ ಹೋಗಿರಲಿಲ್ಲ.

"ನೋಡಿದ್ಯಾ?" ಎಂದು ಅಕ್ಕ ಏಳಲು ಹೋದಳು.

"ಏಳ್ಬೇಡ. ಹಾಗೇ ಇರು," ಎಂದು ನಾನು ಚೀಲದ ಕೆಳಗೆ ಕೈ ಹಾಕಿ ಶರ್ಟು ಸರಿಸಿದೆ. ಹೊಟ್ಟೆಗೆ ಅಂಟಿಸಿದ ಪಟ್ಟಿಯಿಂದ ಟ್ಯೂಬು ಹೊರಡುವ ಜಾಗದಲ್ಲಿ, ಚೀಲದ ಭಾರಕ್ಕೂ ತೊಡೆಗೂ ನಡುವೆ ಸಿಕ್ಕಿ ಅದು ಚಪ್ಪಟೆಯಾಗಿ ಮಡಚಿಕೊಂಡಿತ್ತು. ಪಾರದರ್ಶಕ ಟ್ಯೂಬಿನ ಮೇಲೆ ಬಿಳಿ ಗೆರೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದರೆ ಮಾತ್ರ ಬೀಳುವ ಗೆರೆ ಅದು. ಅವಳು ಎದ್ದು ನಿಂತಾಗ ಟ್ಯೂಬು ತಾನಾಗಿ ನೆಟ್ಟಗಾಯಿತು. ಗಂಟೆ ಕಳೆಯುವಷ್ಟರಲ್ಲಿ ಅವಳ ಹಣೆ ಬೆವರಿತು, ಕೈ ನಡುಗಿತು. ಸಕ್ಕರೆ ನೀರು ಕುಡಿಸಿ ಮರದ ನೆರಳಿನಲ್ಲಿ ಕೂರಿಸಿದೆ.

ಪಂಪು ಔಷಧಿಯನ್ನು ತಳ್ಳುತ್ತಲೇ ಇತ್ತು. ಮಡಿಕೆಯ ಹಿಂದೆ ಅದು ನಿಂತಿತ್ತು. ಅಲಾರಂ ಕೂಗುವಷ್ಟು ಒತ್ತಡ ಏರುವ ಮೊದಲೇ ಅಕ್ಕ ಎದ್ದು ನಿಲ್ಲುತ್ತಿದ್ದಳು, ನಿಂತದ್ದೆಲ್ಲ ಒಟ್ಟಿಗೆ ಮೈಗೆ ನುಗ್ಗುತ್ತಿತ್ತು. ನಾನು ಟ್ಯೂಬನ್ನು ಕಡ್ಡಿಗೆ ಸುತ್ತಿದ್ದೆ, ಕುಕ್ಕರುಗಾಲಲ್ಲಿ ಕೂತ ಹೆಂಗಸಿನ ಸೊಂಟಕ್ಕೆ ಕಟ್ಟಿರಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಇದನ್ನು ಹೇಳಿದಾಗ ಮುಖ್ಯಸ್ಥರು ಕೇಳಿದ ಮೊದಲ ಮಾತು, "ನಿಮ್ಮಕ್ಕ ಅಂತ ಹೀಗೆ ಹೇಳ್ತಿದ್ದೀರೋ, ನಿಜವಾಗ್ಲೂ ಟ್ಯೂಬಿಂದೇ ತಪ್ಪು ಅಂತ ಹೇಳ್ತಿದ್ದೀರೋ?" ಅವರ ಕೋಣೆಯಲ್ಲೇ ಚೂಡಿದಾರದ ಸೊಂಟಕ್ಕೆ ಪರೀಕ್ಷೆಯ ಪಂಪು ಸಿಕ್ಕಿಸಿ, ಟ್ಯೂಬಿನ ತುದಿಯನ್ನು ಸಣ್ಣ ಶೀಷೆಗೆ ಇಳಿಸಿ, ತೋಟದಿಂದ ತಂದ ಚೀಲವನ್ನು ಹಣ್ಣು ಸಮೇತ ಬಿಗಿದುಕೊಂಡು ನೆಲದಲ್ಲಿ ಕುಳಿತೆ. ಹನಿ ನಿಂತಿತು. ಅವರು ಕುರ್ಚಿ ಬಿಟ್ಟು ಬಂದು ಶೀಷೆಯನ್ನು ನೋಡಿದರು, ಪಂಪನ್ನು ನೋಡಿದರು. ಅಲಾರಂ ಇಲ್ಲ. ನಾನು ಎದ್ದೆ. ಹನಿಗಳು ಒಂದರ ಹಿಂದೊಂದು ಬಿದ್ದವು.

"ಸ್ಟಾಕ್ ಹೊರಗೆ ಹೋಗೋದು ಬೇಡ," ಎಂದರು. "ಡಾಕ್ಟರುಗಳಿಗೆ ಇವತ್ತೇ ತಿಳಿಸಿ."

ಹೊಸ ಟ್ಯೂಬು ಸಿದ್ಧವಾಗುವಷ್ಟರಲ್ಲಿ ಮಳೆಗಾಲ ಹತ್ತಿರ ಬಂತು. ಗೋಡೆಯನ್ನು ಎರಡು ಪದರ ಮಾಡಿದೆವು: ಒಳಗಿನದು ಔಷಧಿ ಅಂಟದಂಥದ್ದು, ಹೊರಗಿನದು ಬಾಗಿದರೂ ಚಪ್ಪಟೆಯಾಗದಂಥದ್ದು. ಪಟ್ಟಿಯಿಂದ ಹೊರಡುವ ಜಾಗಕ್ಕೆ ಮೆತ್ತನೆಯ ಕವಚ ಬಂತು. ಅಷ್ಟು ಕಾಲ ಅಕ್ಕ ಮತ್ತೆ ಸೂಜಿಯನ್ನೇ ಚುಚ್ಚಿಕೊಂಡಳು. ತಪ್ಪು ಟ್ಯೂಬಿನದೆಂದು ಹೇಳಿದಾಗ ಅವಳ ಅತ್ತೆ, "ಇರ್ಬೋದು. ಆದ್ರೂ ಎಲ್ಲಾ ದಿನಾನೂ ಪೈಪಿಂದೇ ತಪ್ಪಾ?" ಎಂದಿದ್ದರು. ಭಾವ ಮಾತ್ರ ಆಮೇಲೆ ಫೋಟೋ ಕಳಿಸಲಿಲ್ಲ.

ಹೊಸದನ್ನು ಹಾಕಿಕೊಳ್ಳುವ ಮೊದಲು ಅಕ್ಕ ಅದನ್ನು ತಿರುಗಿಸಿ, ಹಿಸುಕಿ ನೋಡಿದಳು, ಹಲ್ಲಿನಲ್ಲಿ ಕಚ್ಚುವುದೊಂದು ಬಾಕಿ. "ಈ ಸಲ ಯಾರ ಮೇಲೆ ಹಾಕಿ ನೋಡಿದ್ದು?" ಎಂದಳು. ಕಾರ್ಖಾನೆಯ ಹಿಂದೆ ಚೀಲ ಕಟ್ಟಿಕೊಂಡು ನಾನೇ ಕೂತು ಎದ್ದದ್ದನ್ನು ಹೇಳಿದೆ. ಅವಳು ನಗಲಿಲ್ಲ, ಆದರೆ ಹಾಕಿಕೊಂಡಳು.

ಸಕ್ಕರೆ ಒಂದು ಹದಕ್ಕೆ ಬಂತು. ಹಲಸಿನ ಕಾಲದಲ್ಲಿ ಒಂದು ದಿನ ಭಾವನ ಫೋನ್. ಅದೇ ತಗ್ಗಿದ ದನಿ: "ಇವತ್ತು ಸ್ವಲ್ಪ ಏರಿದೆ. ಟ್ಯೂಬೋ, ಅಥವಾ..."

ಅಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು. "ಹಲಸಿನ ತೊಳೆ ತಿಂದೆ ಕಣೇ. ಅತ್ತೆ ಎದುರಿಗೇ ಕೂತು ತಿಂದೆ. ಅದಕ್ಕೆ ಇನ್ಸುಲಿನ್ನೂ ತಗೊಂಡೆ, ಸ್ವಲ್ಪ ಕಮ್ಮಿ ಆಯ್ತು ಅಷ್ಟೇ. ಇನ್ನು ಮೇಲೆ ಏನಾದ್ರೂ ಕೇಳೋದಿದ್ರೆ ನನ್ನನ್ನೇ ಕೇಳಿ, ಇಬ್ರೂ."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಒಂದಲ್ಲ, ನಾಲ್ಕು ತಿಂದೆ ಅಂತ ಹೇಳು."