ಏಲಂಗೆ ಬಂದ ಕಲ್ಲಿನ ಹೆಂಗಸು

ಕಲಾವಿದರು ದಾನಕ್ಕೆ ಕೊಡುವುದು ಮಾರಾಟವಾಗದೆ ಉಳಿದ ಕೃತಿಗಳನ್ನು. ಇದು ನನ್ನ ವಾದವಾಗಿತ್ತು. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಓದಿದ್ದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆಂದು ಬಸ್ಸು ಹತ್ತುತ್ತಿದ್ದೆ. ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು, ಎರಡಕ್ಕೂ ನನ್ನಲ್ಲಿ ಅಷ್ಟೇ ಆವೇಶ ಇರುತ್ತಿತ್ತು. ಆದರೆ ಈ ವಾದ ಚೀಟಿಯಿಂದ ಬಂದದ್ದಲ್ಲ, ನನ್ನದೇ.

ಸುನಾಮಿ ಬಂದುಹೋದ ಮರುತಿಂಗಳು. ಹಿರಿಯಡ್ಕದ ಹೈಸ್ಕೂಲಿನಲ್ಲಿ ನನಗೆ ಚಿತ್ರಕಲೆ ಕಲಿಸಿದ್ದ ಮಾಸ್ಟ್ರು, ಆಗಲೇ ನಿವೃತ್ತರಾಗಿದ್ದವರು, ಮನೆಗೆ ಫೋನ್ ಮಾಡಿದರು. ಸುತ್ತಮುತ್ತಲಿನ ಕಲಾವಿದರಿಂದ ಒಂದೊಂದು ಕೃತಿ ಕೇಳಿ ತಂದು, ಉಡುಪಿಯ ಒಂದು ಶಾಲೆಯ ಸಭಾಂಗಣದಲ್ಲಿಟ್ಟು, ಏಲಂ ಹಾಕಿ, ಬಂದದ್ದನ್ನು ತಮಿಳುನಾಡಿನ ಕರಾವಳಿಗೆ ಕಳುಹಿಸುವುದು ಅವರ ಯೋಜನೆ.

"ಏಲಂ ನೀನೇ ಕೂಗಬೇಕು ಮಾರಾಯ್ತಿ. ನಿನ್ನ ಗಂಟಲಿಗೆ ಮೈಕ್ ಬೇಡ, ಅದರ ಬಾಡಿಗೆಯೂ ಉಳೀತದೆ" ಎಂದರು.

"ಕೂಗ್ತೇನೆ ಸರ್. ಆದರೆ ಅವರೆಲ್ಲ ಕೊಡುವುದು ಅಟ್ಟದಲ್ಲಿ ಬಿದ್ದದ್ದನ್ನು. ಅದನ್ನು ತ್ಯಾಗ ಅಂತ ಮಾತ್ರ ನನ್ನಿಂದ ಹೇಳಿಸಬೇಡಿ."

"ಕೊಡಲಿ, ಅಟ್ಟದಲ್ಲಿದ್ದರೆ ಗೆದ್ದಲು ತಿಂತದೆ. ವಾದ ಎಲ್ಲ ನನ್ನ ಓಮ್ನಿ ಕಾರಿನಲ್ಲಿ ಕೂತು ಮಾಡು. ಆದಿತ್ಯವಾರ ಬರ್ತೇನೆ."

ಆ ಆದಿತ್ಯವಾರ ಮೊದಲು ಹೋದದ್ದು ಮಣಿಪಾಲಕ್ಕೆ. ಅಲ್ಲಿನ ಚಿತ್ರಗಾರ್ತಿ ದೊಡ್ಡದೊಂದು ಕ್ಯಾನ್‌ವಾಸನ್ನು ಕಪಾಟಿನ ಹಿಂದಿನಿಂದ ಎಳೆದು ತೆಗೆದರು. ಧೂಳು ಹೊಡೆಯುತ್ತ, "ನೇರ ಹೇಳಿಬಿಡ್ತೇನೆ, ಇದನ್ನು ಯಾರೂ ತಗೊಳ್ಳಲಿಲ್ಲ. ಈಗ ನಮಗೂ ನಡೆದಾಡಲಿಕ್ಕೆ ಜಾಗ ಆಗ್ತದೆ" ಎಂದು ನಕ್ಕರು. ಅಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರ ಜೊತೆ ಜಗಳ ಕಾಯುವುದು ಹೇಗೆ? ಕಾಪುವಿನ ಜಲವರ್ಣದವರ ಮನೆಯಲ್ಲಿ ಲೈಟ್‌ಹೌಸಿನ ಚಿತ್ರಗಳು ಒಂದರ ಮೇಲೊಂದು ಪೇರಿಸಿಟ್ಟಿದ್ದವು. ಬೆಳಗಿನ ಲೈಟ್‌ಹೌಸ್, ಸಂಜೆಯ ಲೈಟ್‌ಹೌಸ್, ಮೋಡದ ಲೈಟ್‌ಹೌಸ್. "ಎಷ್ಟು ಬೇಕು ಸರ್?" ಎಂದು ಕೇಳಿದರು ಅವರು. ನಾನು ಮಾಸ್ಟ್ರ ಮುಖ ನೋಡಿದೆ. ಮಾಸ್ಟ್ರು ಕಡಲನ್ನು ನೋಡಿದರು.

ಕಾರ್ಕಳದಲ್ಲಿ ನನ್ನ ವಾದಕ್ಕೆ ಮೊದಲ ಅಡ್ಡಿ ಬಂತು. ಅಲ್ಲಿನ ಶಿಲ್ಪಿ, ಎಲ್ಲರೂ ಆಚಾರ್ರು ಎಂದು ಕರೆಯುತ್ತಿದ್ದವರು, ದೇವಸ್ಥಾನಗಳಿಗೆ ಮೂರ್ತಿ ಮಾಡುವವರು. ಅವರ ಶೆಡ್ಡಿನ ತುಂಬ ಕರಿಕಲ್ಲಿನ ದೇವರುಗಳಿದ್ದರು. ಅರ್ಧ ಆದವರು, ಮುಕ್ಕಾಲು ಆದವರು, ಇನ್ನೂ ಕಲ್ಲಿನೊಳಗೇ ಇದ್ದವರು.

ನಾನು ಸುತ್ತ ನೋಡಿ, "ಇದರಲ್ಲಿ ಉಳಿದದ್ದು ಯಾವುದು?" ಎಂದೆ.

"ಉಳಿಯುವುದು ಅಂತ ಇಲ್ಲ" ಎಂದರು ಆಚಾರ್ರು. "ಕಲ್ಲು ಆರಿಸಿ ಪೂಜೆ ಆದ ದಿನದಿಂದಲೇ ಅದು ದೇವಸ್ಥಾನದ್ದು. ಇಲ್ಲಿ ನನ್ನದು ಅಂತ ಇರುವುದು ಈ ಉಳಿ, ಸುತ್ತಿಗೆ ಮಾತ್ರ."

ಅವರ ಬಳಿ ಅಟ್ಟದಲ್ಲಿ ಬಿದ್ದದ್ದು ಎಂಬುದೇ ಇರಲಿಲ್ಲ. ಬರಿಗೈಯಲ್ಲಿ ಹೊರಡುವುದೇ ಸರಿ ಎಂದು ನಾವು ಎದ್ದೆವು. ಆಗ ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿ ಉಂಟು.

"ಹೊಸದು ಮಾಡಿ ಕೊಡ್ತೇನೆ. ದೇವರನ್ನಲ್ಲ. ಕಡಲು ಬಂದದ್ದು ಮನುಷ್ಯರ ಮೇಲೆ, ಅಲ್ವಾ? ಮನುಷ್ಯರನ್ನೇ ಕೆತ್ತುವ. ಇಷ್ಟು ವರ್ಷದಲ್ಲಿ ಒಬ್ಬ ಮನುಷ್ಯನನ್ನು ಮಾಡಲಿಲ್ಲ ನಾನು. ಬರ್ತದೋ ಇಲ್ವೋ ನೋಡಬೇಕು."

ಕೊನೆಯ ಮಾತನ್ನು ಅವರು ನಮಗೆ ಹೇಳಿದಂತಿರಲಿಲ್ಲ. ದಾರಿಯಲ್ಲಿ ಮಾಸ್ಟ್ರು ಹೇಳಿದರು, "ಪ್ರತಿಷ್ಠೆಯ ಗಡುವು ಇರುವ ಕೆಲಸ ಬದಿಗಿಟ್ಟು ಮಾಡ್ತಾರೆ ಅವರು. ಇದನ್ನು ಯಾವ ಅಟ್ಟಕ್ಕೆ ಸೇರಿಸ್ತೀ?" ಒಂದು ಉದಾಹರಣೆಯಿಂದ ಸಿದ್ಧಾಂತ ಬೀಳುವುದಿಲ್ಲ ಎಂದೆ. ಬೀಳುವುದಿಲ್ಲ, ನಿಜ. ಆದರೆ ಅದು ಹೇಗೆ ಬರುತ್ತದೆ ಎಂದು ನೋಡುವ ಆಸೆ ಆಗಲೇ ಹತ್ತಿಕೊಂಡಿತ್ತು.

ಏಲಂನ ದಿನ ಬೆಳಿಗ್ಗೆ ಆಚಾರ್ರು ಬಾಡಿಗೆ ರಿಕ್ಷಾದಲ್ಲಿ, ಹಳೆಯ ಬೈರಾಸು ಬಟ್ಟೆಯಲ್ಲಿ ಸುತ್ತಿದ ಮೂರ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಮೀನು ಮಾರುವ ಹೆಂಗಸು. ಒಂದೂವರೆ ಗೇಣು ಎತ್ತರ. ಎರಡೂ ಮಂಡಿ ಮಡಚಿ ಕೂತಿದ್ದಾಳೆ, ಎದುರಿಗೆ ಬುಟ್ಟಿ, ಒಂದು ಕೈ ಬುಟ್ಟಿಯ ಅಂಚಿನಲ್ಲಿ. ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ ಕಲ್ಲು ಮಳೆಗಾಲದ ರಾತ್ರಿಯಷ್ಟು ಕಪ್ಪು. ಸೀರೆಯ ನೆರಿಗೆ ಕಲ್ಲಿನದ್ದೆಂದು ನಂಬಲು ನಾನು ಮುಟ್ಟಿ ನೋಡಬೇಕಾಯಿತು. ಮಣಿಪಾಲದ ಚಿತ್ರಗಾರ್ತಿ ಅದರ ಮುಂದೆ ನಿಂತು, "ನಾನು ಕಪಾಟಿನ ಹಿಂದಿನಿಂದ ತೆಗೆದುಕೊಟ್ಟೆನಲ್ಲ ಮಾರ್ರೆ" ಎಂದು ತಲೆಯಾಡಿಸಿದರು. ಅದನ್ನು ಬಾಗಿಲಿನ ಎದುರಿಗೇ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟೆವು.

ತೊಂದರೆ ಶುರುವಾದದ್ದು ಆಮೇಲೆ. ಶಾಲೆಯ ಹಿಂದೆ ಹೊಸ ಕಟ್ಟಡದ ಕೆಲಸ ನಡೆಯುತ್ತಿತ್ತು. ಅಲ್ಲಿ ಕಲ್ಲು ಹೊರುತ್ತಿದ್ದ ಗದಗ ಕಡೆಯ ಹೆಂಗಸೊಬ್ಬಳು ನೀರಿಗೆಂದು ಬಂದವಳು ಬಾಗಿಲಲ್ಲೇ ನಿಂತಳು, ಚಪ್ಪಲಿ ಬಿಟ್ಟಳು, ಹೊರಗೆ ಹೋಗಿ ಒಂದು ದಾಸವಾಳ ಕಿತ್ತು ತಂದು ಮೂರ್ತಿಯ ಪಾದದ ಹತ್ತಿರ ಇಟ್ಟಳು.

"ಯಾವ ದೇವಿರೀ ಅಕ್ಕಾರ? ಭಾಳ ಕಳಿ ಐತಿ ಮುಖದಾಗ" ಎಂದು ನನ್ನನ್ನು ಕೇಳಿದಳು.

"ದೇವಿ ಅಲ್ಲ, ಮೀನು ಮಾರುವವಳು."

"ಏ, ಚಾಷ್ಟಿ ಮಾಡಬ್ಯಾಡ್ರಿ" ಎಂದು ಕೆನ್ನೆ ತಟ್ಟಿಕೊಂಡು ಹೋದಳು.

ಅವಳ ಹಿಂದೆ ಬಂದವರು ಹೂವನ್ನು ಕಂಡು ಚಪ್ಪಲಿ ಬಿಟ್ಟರು. ಅವರ ಹಿಂದಿನವರು ಚಪ್ಪಲಿಗಳನ್ನು ಕಂಡು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಬಳಿ ಚಪ್ಪಲಿಗಳ ರಾಶಿ, ಮೇಜಿನ ಮೇಲೆ ನಾಲ್ಕಾರು ಚಿಲ್ಲರೆ ಕಾಸು. ಬುಟ್ಟಿಯೊಳಗೆ ಮೀನುಗಳು ಸ್ಪಷ್ಟವಾಗಿ ಕಾಣುತ್ತಿದ್ದರೂ ಯಾರೂ ಅಷ್ಟು ಕೆಳಗೆ ನೋಡಲಿಲ್ಲ. ಮಸ್ಕತ್ತಿನಲ್ಲಿ ಬಹುಕಾಲ ದುಡಿದು ಬಂದು ಕಾಪುವಿನಲ್ಲಿ ಮನೆ ಕಟ್ಟಿಸಿದ್ದ ಕ್ರಿಶ್ಚಿಯನ್ ಹಿರಿಯರೊಬ್ಬರು ಮಾತ್ರ ಬಹಳ ಹೊತ್ತು ನಿಂತು ನೋಡಿದರು. ಕೊಳ್ಳುವ ಆಸೆ ಅವರ ಮುಖದಲ್ಲೇ ಇತ್ತು.

"ಚಂದ ಉಂಟು ಮಗಳೇ. ಆದರೆ ನಿಮ್ಮ ದೇವರನ್ನು ನಾನು ಕೊಂಡುಹೋಗಿ ಟೀವಿಯ ಹತ್ತಿರ ಇಡುವುದಾ? ಪೂಜೆ ಇಲ್ಲದೆ? ತಪ್ಪಲ್ವಾ ಅದು?"

ಅವರು ಅದನ್ನು ಎಷ್ಟು ಗೌರವದಿಂದ ಹೇಳಿದರೆಂದರೆ ಅದಕ್ಕೆ ಪ್ರತಿವಾದ ಹೂಡಲು ನನಗೂ ಮನಸ್ಸಾಗಲಿಲ್ಲ. ಸಮಸ್ಯೆ ಸ್ಪಷ್ಟವಿತ್ತು: ದೇವರನ್ನು ಯಾರೂ ಏಲಂನಲ್ಲಿ ಕೂಗುವುದಿಲ್ಲ. ಇಡೀ ಸಭಾಂಗಣದಲ್ಲಿ ಅತ್ಯಂತ ಒಳ್ಳೆಯ ಕೃತಿ ಇದೊಂದೇ, ಇದೊಂದೇ ಉಳಿದುಹೋಗುವುದರಲ್ಲಿತ್ತು.

ಮಾಸ್ಟ್ರಿಗೆ ಮೊದಲು ನಗು ಬಂದಿತ್ತು. ಆಚಾರ್ರ ಮುಖ ನೋಡಿ ನಿಂತುಹೋಯಿತು. ಅವರು ಗೋಡೆ ಬದಿಯ ಬೆಂಚಿನ ಮೇಲೆ ಕೂತು, ಜನ ಕೈಮುಗಿಯುವುದನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಬೇರೆ ಯಾರಿಗಾದರೂ ಅದು ಬಿರುದಿನಂತೆ ಕಾಣುತ್ತಿತ್ತು. ಅವರಿಗೆ ಅದು ತಾನು ಸೋತದ್ದರ ತೀರ್ಪು.

"ನಿಮಗೆ ದಾಕ್ಷಿಣ್ಯ ಕಡಿಮೆ ಅಂತ ಮಾಸ್ಟ್ರು ಹೇಳಿದ್ದಾರೆ" ಎಂದರು ನನ್ನನ್ನು ಹತ್ತಿರ ಕರೆದು. "ಹೇಳಿ. ಎಲ್ಲಿ ತಪ್ಪಿದ್ದು?"

ನಾನು ಮೇಜಿನ ಸುತ್ತ ಒಂದು ಸುತ್ತು ಬಂದೆ. "ಬುಟ್ಟಿಯ ಮೇಲಿನ ಕೈ ಒಂದು ಬಿಟ್ಟರೆ ಎರಡು ಬದಿಯೂ ಒಂದೇ ಹಾಗೆ ಉಂಟು. ಹುಬ್ಬು, ಕಣ್ಣು, ಕಿವಿ, ಭುಜ. ಮಡಚಿದರೆ ಒಂದರ ಮೇಲೊಂದು ಕೂರ್ತದೆ. ಮನುಷ್ಯರು ಹಾಗಿರುವುದಿಲ್ಲ. ಇವಳಿಗೆ ಎಂತದೂ ಆಗಿಲ್ಲ. ಒಂದು ದಿನವೂ ಬಿಸಿಲಿಗೆ ಕೂತವಳ ಹಾಗೆ ಕಾಣುವುದಿಲ್ಲ."

ಆಚಾರ್ರು ಎದ್ದು ಹೂವು, ಕಾಸು ಎಲ್ಲವನ್ನೂ ಬದಿಗಿಟ್ಟು, ಮೂರ್ತಿಯನ್ನು ಎತ್ತಿಕೊಂಡು ಹಿಂದಿನ ಜಗಲಿಗೆ ಹೋದರು. ಚೀಲದಿಂದ ಸಣ್ಣ ಉಳಿ ಹೊರಗೆ ಬಂತು.

ಮಾಸ್ಟ್ರು ಓಡಿ ಬಂದರು. ಅವರ ಗಾಬರಿಗೆ ಕಾರಣವಿತ್ತು. ಪೂಜೆಯ ಮೂರ್ತಿಯಲ್ಲಿ ಬೆರಳ ತುದಿಯಷ್ಟು ಹಾರಿದರೂ ಅದು ಭಿನ್ನ. ಯಾವ ದೇವಸ್ಥಾನವೂ ಅದನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಮೂಗು, ಬೆರಳು, ಕಿವಿ ಮುಕ್ಕಾಗದಂತೆ ಕಾಯುವುದರಲ್ಲೇ ಆಚಾರ್ರ ಆಯುಷ್ಯ ಕಳೆದಿತ್ತು.

"ಬೇಡ ಆಚಾರ್ರೇ. ಪಾಲಿಶ್ ಆದ ಕಲ್ಲು. ಕೆನ್ನೆ ಸಮೇತ ಹಾರಿದರೆ ಎಂತ ಮಾಡುವುದು?"

"ಹಾರಿದರೆ ಹೊತ್ತುಕೊಂಡು ಮನೆಗೆ ಹೋಗುವುದು. ಹೀಗೇ ಬಿಟ್ಟರೂ ಹೊತ್ತುಕೊಂಡೇ ಹೋಗಬೇಕಲ್ಲ ಮಾಸ್ಟ್ರೇ?"

ನಾನು ಅವರ ಚೀಲವನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟೆ.

ಅವರು ಮೂರ್ತಿಯನ್ನು ಮಡಿಲಲ್ಲಿ ಮಲಗಿಸಿ, ಬಲಗಿವಿಯ ಹಾಲೆಗೆ ಉಳಿ ಇಟ್ಟರು. ಒಂದು ಪೆಟ್ಟು. ಇನ್ನೊಂದು. ಹಾಲೆ ಕೆಳಗಿನವರೆಗೂ ಸೀಳಿ, ಒಂದು ಚೂರು ಜಗಲಿಯ ಮೇಲೆ ಬಿತ್ತು. ಕೆನ್ನೆ ಉಳಿಯಿತು. ಭಾರದ ಓಲೆ ಹಾಕಿ ಹಾಕಿ ಹರಿದುಹೋದ ಕಿವಿ ಅದು; ನಮ್ಮ ಕಡೆಯ ಹಳೆಯ ಹೆಂಗಸರಲ್ಲಿ ಎಷ್ಟೋ ಮಂದಿಗೆ ಇದ್ದ ಕಿವಿ. ಉಳಿ ಬಿದ್ದ ಜಾಗ ಬೂದಿಯ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಮಾಸ್ಟ್ರು ಚೀಲದಲ್ಲಿದ್ದ ಎಣ್ಣೆಯ ಶೀಶೆ ಮುಂದೆ ಮಾಡಿದರೆ ಆಚಾರ್ರು ಬೇಡವೆಂದರು. ಗಾಯಕ್ಕೆ ಬಣ್ಣ ಹಚ್ಚುವುದು ಬೇಡ, ಇರಲಿ ಎಂದರು.

ಅಷ್ಟೇ ಬದಲಾದದ್ದು. ಮುಖ ಅದೇ, ಅರ್ಧ ಮುಚ್ಚಿದ ಕಣ್ಣು ಅದೇ. ಆದರೆ ಈಗ ಆ ಕಣ್ಣು ಧ್ಯಾನದಲ್ಲಿ ಇರಲಿಲ್ಲ. ಬೆಳಗಿನಿಂದ ಕೂತು ಆಯಾಸವಾಗಿ ಮುಚ್ಚಿಕೊಳ್ಳುತ್ತಿತ್ತು. ತರ್ಕದಿಂದ ಇದನ್ನು ವಿವರಿಸಲು ನಾನು ಆಮೇಲೆ ಬಹಳ ಪ್ರಯತ್ನಪಟ್ಟಿದ್ದೇನೆ. ಆಗಿಲ್ಲ.

ಏಲಂನಲ್ಲಿ ಅವಳ ಸರದಿ ಬಂದಾಗ ನಾನು ಒಂದೂ ವಿಶೇಷಣ ಬಳಸಲಿಲ್ಲ. ಅವಳನ್ನು ಎತ್ತಿ, ಬಲಗಿವಿ ಸಭೆಯ ಕಡೆ ಬರುವಂತೆ ತಿರುಗಿಸಿ ಇಟ್ಟೆ. ಹಿಂದಿನ ಸಾಲಿನಿಂದ ಯಾರೋ ಹೆಂಗಸಿನ ದನಿ: "ಅಯ್ಯೋ ದೇವರೇ, ಬೂತಾಯಿ ಮೀನು ತರ್ತಿದ್ದವಳಲ್ವಾ ಇವಳು!" ಸಭಾಂಗಣವೇ ನಕ್ಕಿತು. ತಮ್ಮ ತಮ್ಮ ಮನೆಯ ಅಂಗಳಕ್ಕೆ ಬರುತ್ತಿದ್ದವಳೆಂದು ಮೂರು ಊರಿನವರು ಹಕ್ಕು ಹೂಡಿದರು. ಮಸ್ಕತ್ತಿನ ಹಿರಿಯರಿಗೂ ಮಣಿಪಾಲದ ಒಬ್ಬ ಡಾಕ್ಟರಮ್ಮನಿಗೂ ಜಿದ್ದು ಬಿತ್ತು. ನನ್ನ ಗಂಟಲು ಕಟ್ಟಿಹೋಗುವವರೆಗೆ ಕೂಗು ನಡೆದು, ಕೊನೆಗೆ ಡಾಕ್ಟರಮ್ಮ ನಗುತ್ತ ಕೈಬಿಟ್ಟರು. ಅಂದಿನ ಅತಿ ದೊಡ್ಡ ಕೂಗು ಅದಲ್ಲ. ಅದು ಕಪಾಟಿನ ಹಿಂದಿನಿಂದ ಬಂದ ಕ್ಯಾನ್‌ವಾಸಿಗೆ ಸಿಕ್ಕಿತು. ಲೈಟ್‌ಹೌಸ್‌ಗಳೂ ಎಲ್ಲ ಹೋದವು. ನನ್ನ ವಾದ ಈಗಲೂ ಮುಕ್ಕಾಲು ಪಾಲು ಸರಿ ಎಂದೇ ನಂಬಿದ್ದೇನೆ. ಅಟ್ಟದಿಂದ ಬಂದದ್ದೂ ಆ ಕರಾವಳಿಯ ಒಂದು ಮನೆಗೆ ಸೂರಾಗುವುದಾದರೆ ತಪ್ಪೇನು ಎಂದು ಮಾಸ್ಟ್ರು ಕೇಳಿದ್ದೂ ಸರಿಯೇ.

ಎಲ್ಲ ಮುಗಿದು ಜನ ಕರಗುತ್ತಿದ್ದಾಗ ಹಿರಿಯರು ಮೂರ್ತಿಯನ್ನು ಎದೆಗವಚಿಕೊಂಡು ಮೆಟ್ಟಿಲ ಬಳಿ ಆಚಾರ್ರನ್ನು ತಡೆದರು.

"ಆಚಾರ್ರೇ, ಬೇಜಾರು ಮಾಡಬಾರದು, ಒಂದು ತಕರಾರು ಉಂಟು. ಇವಳು ಕೂತದ್ದು ಸರಿ ಇಲ್ಲ. ಮೀನಿನವರು ಎರಡೂ ಮಂಡಿ ಹೀಗೆ ಮಡಚುವುದಿಲ್ಲ."

ನಾನು ಪ್ರತಿವಾದಕ್ಕೆ ಬಾಯಿ ತೆರೆದೆ. ಆಚಾರ್ರು ಕೈ ಎತ್ತಿ ತಡೆದರು. ಅವರ ಮುಖ ಅರಳಿತ್ತು.

"ಇಷ್ಟು ಮೂರ್ತಿ ಮಾಡಿದ್ದೇನೆ, ಕೂತದ್ದು ಸರಿ ಇಲ್ಲ ಅಂತ ಒಬ್ಬನೂ ಹೇಳಲಿಲ್ಲ ಮಾರಾಯ್ರೆ" ಎಂದರು. "ಹೇಗೆ ಮತ್ತೆ? ತೋರಿಸಿ."

ಹಿರಿಯರು ಮೂರ್ತಿಯನ್ನು ನನ್ನ ಕೈಗೆ ಕೊಟ್ಟು, ಇಸ್ತ್ರಿ ಹಾಕಿದ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡು, ಶಾಲೆಯ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದು ಕಾಲನ್ನು ಇಲ್ಲದ ಬುಟ್ಟಿಯ ಕಡೆಗೆ ಚಾಚಿದರು. "ಹೀಗೆ. ಭಾರ ಎಲ್ಲ ಈ ಮಡಚಿದ ಕಾಲಿನ ಮೇಲೆ."

ಆಚಾರ್ರು ಅವರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು, ಬಗ್ಗಿ ಮಂಡಿಯ ಕೋನ ನೋಡಿದರು.

"ಸ್ವಲ್ಪ ಹೊತ್ತು ಹಾಗೇ ಇರಿ" ಎಂದರು.