ಹೊಟ್ಟೆ ಇಲ್ಲದ ವಾದ್ಯ

ಇದು ಆಗುವ ಮಾತಲ್ಲ ಎಂದವಳು ನಮ್ಮ ಸೋದರತ್ತೆ, ಮುರಗೋಡದ ಗಂಗವ್ವ. ಬೇರೆಯವರೂ ಅಂದಿರಬಹುದು. ಆದರೆ ಅವರು ಬೆನ್ನ ಹಿಂದೆ ಅಂದರು. ಅತ್ತೆ ಮುಖದ ಮುಂದೆ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಂದಳು. ನಾನು ಮೊಬೈಲಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಚಿತ್ರ ತೋರಿಸಿ, ಇಂಥದನ್ನು ಕೈಯಾರೆ ಮಾಡುತ್ತೇನೆ, ಅದಕ್ಕೆ ನಿನ್ನ ಶೆಡ್ಡು ಬೇಕು ಎಂದು ಕೇಳಿದ್ದೆ. ಅವಳು ಹಿಟ್ಟಿನ ಬೆರಳಿನಿಂದಲೇ ಚಿತ್ರವನ್ನು ದೊಡ್ಡದು ಮಾಡಿ, ಹಿಂದೆ ಮುಂದೆ ಸರಿಸಿ ನೋಡಿದಳು.

"ಇದರ ಹೊಟ್ಟಿ ಎಲ್ಲೈತಿ?"

"ಹೊಟ್ಟಿ ಇರೂದಿಲ್ಲ ಅತ್ತಿ. ಇಡೀ ಕಟ್ಟಿಗಿ."

"ಹೊಟ್ಟಿ ಇಲ್ಲದ್ದು ಹಾಡೂದಿಲ್ಲೋ ಬಸ್ಯಾ. ಹಲಗಿಗಿ ತಂತಿ ಬಿಗದರ ಅರಿವಿ ಒಣಗಸಾಕ ಬರತೈತಿ, ಅಷ್ಟ."

ಅತ್ತೆಯ 'ಆಗೂದಿಲ್ಲ'ಕ್ಕೆ ನಾನು ಹೆದರುವವನಲ್ಲ. ಹಿಂದೊಮ್ಮೆ ಅದನ್ನು ಗೆದ್ದವನು. ನಾನು ಕಾಲೇಜು ಸೇರಿದಾಗ, "ಡಿಗ್ರಿ ನಮ್ಮ ಮನಿತನಕ್ಕ ಹತ್ತೂದಿಲ್ಲ" ಎಂದಿದ್ದಳು, ಡಿಗ್ರಿ ಎಂದರೆ ಕೆಲವರ ಮೈಗೆ ಒಗ್ಗದ ಬದನೆಕಾಯಿ ಎಂಬಂತೆ. ನಮ್ಮ ಅಪ್ಪ ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆ ಹೊತ್ತವನು. ನಮ್ಮ ಮನೆಯಲ್ಲಿ ಕಾಗದವೆಂದರೆ ರೇಷನ್ ಕಾರ್ಡು ಮತ್ತು ಲೈಟ್ ಬಿಲ್ಲು. ಅಂಥ ಮನೆಯಿಂದ ಹೋಗಿ ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ನಾಚಿಕೆ ಏನಿಲ್ಲ. ವಿದ್ಯುತ್ತು–ಅಯಸ್ಕಾಂತದ ಪತ್ರಿಕೆಯನ್ನು ಮಾತ್ರ ಎರಡು ಸಲ ಬರೆಯಬೇಕಾಯಿತು. ಅದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇನೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ದಿನ ಊರೆಲ್ಲ ಬಂದು ನೋಡಿತು. ಅತ್ತೆಯೂ ಬಂದಳು. ಹತ್ತಿರ ಹೋಗಿ, ಗಾಜಿನ ಸುತ್ತಲಿನ ಚೌಕಟ್ಟನ್ನು ಉಗುರಿನಿಂದ ಟಕಟಕ ಬಡಿದು, "ಕಟ್ಟಿಗಿ ಚಲೋ ಐತಿ" ಎಂದಳು. ಒಳಗಿನ ಕಾಗದದ ಬಗ್ಗೆ ಅವತ್ತು ಏನೂ ಹೇಳಲಿಲ್ಲ.

ಅವಳದೂ ತಪ್ಪಲ್ಲ. ಅತ್ತೆಯ ಗಂಡ, ನಮ್ಮ ಮಾಮಾ, ಬಡಿಗತನ ಮಾಡುತ್ತಿದ್ದ. ಬಾಗಿಲು, ಮಂಚ, ತೊಟ್ಟಿಲು. ಜೊತೆಗೆ ಸವದತ್ತಿ ಗುಡ್ಡಕ್ಕೆ ಹೋಗಿ ಹಾಡುವವರಿಗೆ ಚೌಡಿಕೆ. ಚೌಡಿಕೆಗೆ ಒಂದೇ ತಂತಿ, ಕೊರೆದು ಟೊಳ್ಳು ಮಾಡಿದ ಕಟ್ಟಿಗೆಯ ಮೈ. ಮಾಮಾ ಕೊಯ್ಯುವಾಗ ಎರಡಾಳಿನ ಗರಗಸದ ಆಚೆಯ ತುದಿಯನ್ನು ಮೂವತ್ತು ವರ್ಷ ಹಿಡಿದವಳು ಅತ್ತೆ. ಊರು ಅವನನ್ನು ಬಡಿಗ ಎಂದಿತು, ಅವಳನ್ನು ಬಡಿಗನ ಹೆಂಡತಿ ಎಂದಿತು. ಗರಗಸಕ್ಕೆ ಮಾತ್ರ ಆ ಭೇದ ತಿಳಿದಿರಲಿಲ್ಲ. ಮಾಮಾ ತೀರಿಕೊಂಡ ಮೇಲೆ ತಗಡಿನ ಪತ್ರಾಸು ಹೊದಿಸಿದ ಹಿತ್ತಲ ಶೆಡ್ಡು, ಅದರೊಳಗಿನ ಉಳಿ, ಕೀಸುಳಿ, ಹಲಗೆಗಳೆಲ್ಲ ಅವಳ ಪಾಲಿಗೆ ಉಳಿದಿದ್ದವು. ಆ ಶೆಡ್ಡನ್ನು ಹಿಟ್ಟಿನ ಗಿರಣಿ ಹಾಕುವವರು ಯಾರೋ ಕೇಳುತ್ತಿದ್ದರು.

ಇನ್ನು ನನ್ನ ತಪ್ಪೊಪ್ಪಿಗೆ. ನನಗೆ ಗಿಟಾರು ಬಾರಿಸಲು ಬರುವುದಿಲ್ಲ. ಮೂರು ಸ್ವರಮೇಳ ಬರುತ್ತವೆ, ಅದರಲ್ಲಿ ಒಂದು ತಪ್ಪಿ ಬಂದದ್ದು. ಮತ್ತೆ ಈ ಹುಚ್ಚು ಹತ್ತಿದ್ದು ಹೇಗೆ ಎಂದರೆ, ರಾಮದುರ್ಗದ ಪ್ರಕಾಶನಿಂದ. ಅವನು ನನ್ನ ಕಾಲೇಜಿನ ಗೆಳೆಯ. ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಾನೆ. ಒಂದು ಸಲ ಟೆಂಪೋದಿಂದ ಬಿದ್ದು ಅವನ ಗಿಟಾರಿನ ಕುತ್ತಿಗೆ ಮುರಿಯಿತು. ಮಾಮಾನ ಕೈಯಲ್ಲಿ ಸಣ್ಣಂದಿನಿಂದ ನೋಡಿದ್ದ ಮರದ ಜೋಡಣೆಯನ್ನೇ ಮಾಡಿ, ಅಂಟು ಕೊಟ್ಟು, ಹಗ್ಗದಿಂದ ಬಿಗಿದು ಮೂರು ದಿನ ಇಟ್ಟೆ. ಕೂಡಿತು. ಮೊದಲಿಗಿಂತ ಚೆನ್ನಾಗಿದೆ ಎಂದು ಅವನೇ ಅಂದ. ಕುತ್ತಿಗೆ ಕೂಡಿಸಿದವನಿಗೆ ಮೈ ಮಾಡುವ ಆಸೆ ಹುಟ್ಟದಿದ್ದೀತೇ? ಆರು ತಿಂಗಳು ಮೊಬೈಲಿನಲ್ಲಿ ಯಾವಯಾವುದೋ ದೇಶದ ಗಡ್ಡದವರು ಮರ ಕೊರೆಯುವುದನ್ನು ನೋಡಿದೆ. ಕಡೆಗೆ ಪ್ರಕಾಶನೇ, "ಲೇ, ಒಂದು ಮಾಡಿಕೊಡು, ತಗೊಂಡು ಬಿಡತೇನಿ" ಎಂದ.

ಅತ್ತೆ ಷರತ್ತು ಹಾಕಿದಳು. ಶೆಡ್ಡಿನಲ್ಲಿ ಕಿತ್ತೂರಿನ ಯಾವುದೋ ಹಳೆಯ ಮನೆ ಕೆಡವಿದಾಗ ತಂದ ಸಾಗವಾನಿ ಹಲಗೆಯೊಂದಿತ್ತು. ಅದರಲ್ಲಿ ತನಗೊಂದು ಕೊಣಮಿಗಿ, ಅಂದರೆ ರೊಟ್ಟಿ ಬಡಿಯುವ ಮರದ ತಟ್ಟೆ, ಮಾಡಿಕೊಡುವುದಾಗಿ ಮಾಮಾ ಮಾತು ಕೊಟ್ಟಿದ್ದನಂತೆ. ಮಾಡುವ ಮೊದಲೇ ಹೋದ.

"ಆ ಹಲಗಿ ತಗೋ. ಹಾಡಿದರ ಶೆಡ್ಡು ನಿಂದು. ಹಾಡಲಿಲ್ಲಂದ್ರ ಶೆಡ್ಡು ಗಿರಣಿಗಿ, ಹಲಗಿ ನನ್ನ ಕೊಣಮಿಗಿಗಿ. ನೀ ಹೋಗಿ ಯಾವುದಾರ ಪರೀಕ್ಷಾ ಕಟ್ಟು."

ಒಪ್ಪಿದೆ. ಪದವೀಧರರು ಷರತ್ತಿಗೆ ಬೇಗ ಒಪ್ಪುತ್ತಾರೆ, ಪುಸ್ತಕದ ಮೇಲೆ ಅಷ್ಟು ನಂಬಿಕೆ.

ಹೊಟ್ಟೆಯ ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಯೋಚಿಸಿ ನೋಡಿ: ತಂಬೂರಿಗೆ ಕುಂಬಳದ ಹೊಟ್ಟೆ, ವೀಣೆಗೆ ಹಲಸಿನದು, ಡೊಳ್ಳಂತೂ ಹೆಸರಿಗೇ ಹೊಟ್ಟೆ. ನಮ್ಮ ಕಡೆ ಬೊಜ್ಜು ಬಂದವನಿಗೆ ಡೊಳ್ಳುಹೊಟ್ಟೆ ಎನ್ನುವುದು ಸುಮ್ಮನೆ ಅಲ್ಲ. ವಾದ್ಯಗಳೆಲ್ಲ ಉಂಡು ಹಾಡುವ ಜಾತಿ. ಇದೊಂದೇ ಉಪವಾಸ ಕುಳಿತು ಹಾಡುತ್ತೇನೆ ಎನ್ನುತ್ತದೆ. ತಲೆ ಇದೆ, ಕುತ್ತಿಗೆ ಇದೆ, ಮೈ ಇದೆ, ಆಚೀಚೆ ಎರಡು ಕೋಡೂ ಇವೆ. ಹೊಟ್ಟೆ ಇಲ್ಲ. ಹೊಟ್ಟೆ ಇಲ್ಲದ ವಾದ್ಯ ಮಾಡಿ ಹೊಟ್ಟೆ ಹೊರೆಯುತ್ತೇನೆ ಎನ್ನುವ ನನ್ನನ್ನು ಅತ್ತೆ ನಂಬದಿದ್ದರೆ ಆಶ್ಚರ್ಯವೇನು?

ಕೆಲಸ ಶುರುವಾಯಿತು. ಅತ್ತೆ ನೋಡದ ಹಾಗೆ ನೋಡುತ್ತಿದ್ದಳು. ಮೊದಲ ದಿನವೇ, "ಬುಡ ಯಾವ ಕಡಿ ಮಾಡಿದಿ?" ಎಂದು ಕೇಳಿದಳು. ನಮ್ಮ ಬಡಿಗರಲ್ಲಿ ಒಂದು ನಿಯಮವಿದೆ: ಕಂಬವಾಗಲಿ, ಬಾಗಿಲ ತೋಳಾಗಲಿ, ಮರದ ಬುಡ ಕೆಳಗೆ, ತುದಿ ಮೇಲೆ. ತಿರುವುಮುರುವು ಮಾಡಿದರೆ ಮರ ತಲೆಕೆಳಗಾಗಿ ನಿಂತಂತೆ, ಮನೆಗೆ ಒಳ್ಳೆಯದಲ್ಲ. ಆದರೆ ಗಿಟಾರು ನಿಲ್ಲುವುದೂ ಇಲ್ಲ, ಮಲಗುವುದೂ ಇಲ್ಲ, ಮನುಷ್ಯನ ಎದೆಗೆ ಅಡ್ಡ ಜೋತುಬೀಳುತ್ತದೆ. ಅದರ ಕೆಳಗು ಮೇಲು ಯಾವುದು? ನಾನು ವಿಜ್ಞಾನದವನು, ಇಂಥದನ್ನೆಲ್ಲ ನಂಬುವವನಲ್ಲ. ಆದ್ದರಿಂದ ಅರ್ಧ ತಾಸು ಹಲಗೆಯ ಗೆರೆಗಳನ್ನು ನೋಡಿ, ಬುಡ ಮೈಯ ಕಡೆಗೆ, ತುದಿ ತಲೆಯ ಕಡೆಗೆ ಬರುವ ಹಾಗೆ ಗುರುತು ಹಾಕಿದೆ.

ಕುತ್ತಿಗೆಯ ಮೇಲೆ ಸ್ವರದ ಪಟ್ಟಿ ಕೂರಿಸುವುದಕ್ಕೆ ಒಂದು ಲೆಕ್ಕವಿದೆ. ಉಳಿದ ತಂತಿಯ ಉದ್ದವನ್ನು ಹದಿನೇಳು ಚಿಲ್ಲರೆಯಿಂದ ಭಾಗಿಸಬೇಕು, ಬಂದಷ್ಟು ದೂರಕ್ಕೆ ಒಂದು ಪಟ್ಟಿ. ಮತ್ತೆ ಉಳಿದದ್ದನ್ನು ಭಾಗಿಸಬೇಕು, ಮತ್ತೊಂದು ಪಟ್ಟಿ. ಹೀಗೆ ಎರಡು ಪಟ್ಟಿಗಳ ನಡುವಿನ ಪ್ರತಿ ಮನೆಯೂ ಹಿಂದಿನದಕ್ಕಿಂತ ಸಣ್ಣದಾಗುತ್ತ ಹೋಗುತ್ತದೆ. ಇದನ್ನು ಅತ್ತೆಗೆ ವಿವರಿಸಿದಾಗ, "ಅಂದ್ರ ಅಣ್ಣತಮ್ಮರ ಹಿಸ್ಸೆ ಇದ್ದಾಂಗ" ಎಂದಳು. ಕಾಲೇಜಿನಲ್ಲಿ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಮರದ ಕೆಲಸ ಮುಗಿದರೂ ಕಂಠ ಬಾಕಿ. ಎಲೆಕ್ಟ್ರಿಕ್ ಗಿಟಾರಿನ ಕಂಠವೆಂದರೆ ತಂತಿಗಳ ಕೆಳಗೆ ಕೂರುವ ಒಂದು ಪುಟ್ಟ ಸುರುಳಿ: ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು. ತಂತಿ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಬೇಕು, ಅದು ಧ್ವನಿಡಬ್ಬಿಗೆ, ಅಂದರೆ ಆಂಪ್ಲಿಫೈಯರಿಗೆ, ಹೋಗಿ ಧ್ವನಿಯಾಗಬೇಕು. ಇದನ್ನು ಸುತ್ತುವವರು ಎಲ್ಲಿದ್ದಾರೆ ಎಂದು ಹುಡುಕುತ್ತ ನೇಸರಗಿಯ ಬಸ್ಸಿನಲ್ಲಿ ಹೋಗುವಾಗ ಹೊಳೆಯಿತು: ಸುತ್ತುವವರಿಗೆ ನಮ್ಮಲ್ಲಿ ಬರವೇ? ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಮರುದಿನ ಸುತ್ತಿಕೊಡುವವರು ಊರಿಗೊಬ್ಬರಿದ್ದಾರೆ. ನೇಸರಗಿಯ ದಸ್ತಗೀರಸಾಬರ ಅಂಗಡಿಯ ಮುಂದೆ ಇಳಿದೆ. ಅವರು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು, ತಾಮ್ರದ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವರು.

"ಎಷ್ಟು ಎಚ್‌ಪಿ ಮೋಟರ್?" ಎಂದು ಕೇಳಿದರು.

"ಎಚ್‌ಪಿ ಇಲ್ಲರಿ ಚಾಚಾ."

"ಮತ್ತ ನೀರು ಹೆಂಗ ಎತ್ತತೈತಿ?"

"ನೀರಲ್ಲರಿ, ಹಾಡು ಎತ್ತಬೇಕು."

ದಸ್ತಗೀರಸಾಬರು ಕನ್ನಡಕವನ್ನು ಹಣೆಗೆ ಏರಿಸಿ ನನ್ನನ್ನೇ ನೋಡಿದರು. ನಾನು ತಂದಿದ್ದ ತಾಮ್ರದ ತಂತಿಯನ್ನು ಬೆಳಕಿಗೆ ಹಿಡಿದು, "ಅರೇ ಬೇಟಾ, ಇದು ವಾಯರ್ ಅಲ್ಲ, ನನ್ನ ಗಡ್ಡ" ಎಂದರು. ಆದರೂ ಬೇಡ ಎನ್ನಲಿಲ್ಲ. ಎರಡು ಸಲ ಹರಿಯಿತು, ಮೂರನೆಯ ಸಲ ಕೂತಿತು. ಮೋಟಾರಿಗೆ ಹಾಕುವ ವಾರ್ನಿಶಿನಲ್ಲೇ ಅದ್ದಿ, ಒಣಗಿಸಿ ಕೊಟ್ಟರು. "ಹಾಡೂ ದಿನ ನನ್ನೂ ಕರಿ. ಹತ್ತು ಎಚ್‌ಪಿಗಿಂತ ಜೋರಾಗಿ ಒದರಬೇಕು ನೋಡು" ಎಂದರು.

ಕೆಲಸ ಶುರುವಾದ ಐದನೆಯ ತಿಂಗಳಿಗೆ ಆ ದಿನ ಬಂತು. ಒಂದು ಮಧ್ಯಾಹ್ನ, ಕರೆಂಟು ಇರುವ ಹೊತ್ತು ನೋಡಿ, ಪ್ರಕಾಶ ರಾಮದುರ್ಗದಿಂದ ಧ್ವನಿಡಬ್ಬಿ ಹೊತ್ತು ಬಂದ. ದಸ್ತಗೀರಸಾಬರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಅತ್ತೆ ಶೆಡ್ಡಿನ ಬಾಗಿಲಲ್ಲಿ ಕುಳಿತಳು. ಒಂದು ಗುಟ್ಟು ಹೇಳಬೇಕು: ಹಿಂದಿನ ದಿನ ನಾನು ಮಾಮಾನ ಟ್ರಂಕಿನಲ್ಲಿ, ಚೌಡಿಕೆಗೆಂದು ತಂದಿಟ್ಟ ತಂಬೂರಿ ತಂತಿಯ ಸುರುಳಿ ಕಂಡಿದ್ದೆ. ಬಂಗಾರದಂತೆ ಹೊಳೆಯುತ್ತಿತ್ತು. ಅದನ್ನೇ ಆರು ತುಂಡು ಮಾಡಿ ಗಿಟಾರಿಗೆ ಬಿಗಿದಿದ್ದೆ. ಅತ್ತೆಯ ಕಣ್ಣಿಗೆ ಬೀಳಲಿ, ಗಂಡನ ತಂತಿ ಎಂದು ಮನಸ್ಸು ಕರಗಲಿ ಎಂಬ ಲೆಕ್ಕ.

ಪ್ರಕಾಶ ಡಬ್ಬಿಯ ಸ್ವಿಚ್ಚು ಹಾಕಿದ. ಗುಂಯ್ ಎಂದಿತು. ನಾನು ತಂತಿ ಮೀಟಿದೆ. ಡಬ್ಬಿ ಗುಂಯ್ ಎನ್ನುತ್ತಲೇ ಇತ್ತು, ಗಿಟಾರು ಮಾತ್ರ ಸೊಳ್ಳೆಯಷ್ಟು ಕಿಣಿಕಿಣಿ ಎಂದಿತು. ಮತ್ತೆ ಮೀಟಿದೆ. ಪ್ರಕಾಶ ಎಲ್ಲ ಗುಂಡಿ ತಿರುಗಿಸಿದ. ಸೊಳ್ಳೆ ಸೊಳ್ಳೆಯಾಗಿಯೇ ಉಳಿಯಿತು. ಅತ್ತೆ ಎದ್ದು ಮನೆಯೊಳಗೆ ಹೋದಳು. ಅಯ್ಯೋ, ನೊಂದುಕೊಂಡಳು ಎಂದುಕೊಂಡೆ. ಹೊರಗೆ ಬಂದಳು, ಕೈಯಲ್ಲಿ ಒಂದು ತಾಟು, ಒಂದು ಪೆನ್ಸಿಲ್ಲು. ತಾಟನ್ನು ಗಿಟಾರಿನ ಮೈಮೇಲೆ ಬೋರಲು ಇಟ್ಟು ಅಳತೆ ನೋಡಿದಳು. "ಕೋಡು ಕೊಯ್ದರ ಚಲೋ ಕೊಣಮಿಗಿ ಆಕ್ಕೈತಿ" ಎಂದಳು.

ಪೆನ್ಸಿಲ್ಲು ಮರಕ್ಕೆ ತಾಗುವುದಿತ್ತು. ದಸ್ತಗೀರಸಾಬರು, "ತಡೀರಿ ಬೆಹೆನ್" ಎಂದು ಮುಂದೆ ಬಂದರು. ಕಿಸೆಯಿಂದ ಒಂದು ಅಯಸ್ಕಾಂತದ ತುಂಡು ತೆಗೆದು ತಂತಿಗೆ ಮುಟ್ಟಿಸಿದರು. ಅದು ಹಿಡಿಯದೆ ಜಾರಿ ಕೆಳಗೆ ಬಿತ್ತು.

"ಬಸೂ, ಇದು ಹಿತ್ತಾಳಿ ಅಲ್ಲೇನೋ?"

"ಹೌದ್ರಿ."

"ಹಿತ್ತಾಳಿಗಿ ಅಯಸ್ಕಾಂತ ಹತ್ತತೈತೇನೋ? ಕಬ್ಬಿಣ ಬೇಕಲ್ಲೋ! ನೀ ಸಾಯನ್ಸ್ ಕಲ್ತಾವ ಹೌದಲ್ಲೋ?"

ಎರಡು ಸಲ ಬರೆದು ಪಾಸಾದ ಪತ್ರಿಕೆ ಮೂರನೆಯ ಸಲ ನನ್ನ ಮುಂದೆ ಬಂದು ನಿಂತಿತ್ತು, ಅದೂ ನೇಸರಗಿಯಿಂದ ಬಸ್ಸು ಹಿಡಿದು. ಅಯಸ್ಕಾಂತ ಹಿತ್ತಾಳೆಯ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಹೈಸ್ಕೂಲಿನ ಹುಡುಗರಿಗೂ ಗೊತ್ತು. ಪರೀಕ್ಷೆಗೆ ಬರೆದದ್ದು ಕೈಗೆ ಇಳಿದಿರಲಿಲ್ಲ. ಅತ್ತೆ ನಕ್ಕಳು. "ನನಗ ಲಂಚಾ ಕೊಡಾಕ ಹೋಗಿ ಸಿಕ್ಕಿಬಿದ್ದಿ ನೋಡು" ಎಂದಳು. ಎಲ್ಲ ಗೊತ್ತಿತ್ತು ಅವಳಿಗೆ.

ಪ್ರಕಾಶನ ಚೀಲದಲ್ಲಿ ಉಕ್ಕಿನ ತಂತಿಯ ಒಂದು ಸೆಟ್ಟು ಇತ್ತು. ಹಿತ್ತಾಳೆ ಬಿಚ್ಚಿ ಅದನ್ನು ಬಿಗಿದೆ. ಈ ಸಲ ನಾನು ಮೀಟಲಿಲ್ಲ, ಅವನ ಕೈಗೇ ಕೊಟ್ಟೆ. ಅವನು ಒಂದೇ ಸಲ ಎಳೆದ. ಪತ್ರಾಸೆಲ್ಲ ಝಲ್ಲೆಂದಿತು. ಅಡ್ಡತೊಲೆಯ ಮೇಲೆ ವರ್ಷಗಟ್ಟಲೆ ಕುಳಿತಿದ್ದ ಮಾಮಾನ ಕಾಲದ ಗರಗಸದ ಪುಡಿ ಅಕ್ಷತೆಯಂತೆ ನಮ್ಮೆಲ್ಲರ ತಲೆಯ ಮೇಲೆ ಉದುರಿತು. ದಸ್ತಗೀರಸಾಬರು ಗಡ್ಡ ಜಾಡಿಸಿಕೊಳ್ಳುತ್ತ, "ಹದಿನೈದು ಎಚ್‌ಪಿ!" ಎಂದು ಕೂಗಿದರು.

ಅತ್ತೆ ಹತ್ತಿರ ಬಂದು ಗಿಟಾರಿನ ಬೆನ್ನಿಗೆ ಅಂಗೈ ಇಟ್ಟಳು. "ಇನ್ನೊಮ್ಮೆ ಬಾರಸು" ಎಂದಳು. ಪ್ರಕಾಶ ಬಾರಿಸಿದ. ಅವಳು ಕಣ್ಣು ಮುಚ್ಚಿ ಕೈ ಹಾಗೆಯೇ ಇಟ್ಟುಕೊಂಡಿದ್ದಳು. "ನಡಗತೈತಿ," ಎಂದಳು. "ಗರಗಸ ಹಿಡದಾಗ ಆ ಕಡಿಯಿಂದ ಹಿಂಗ ಬರತಿತ್ತು ಕೈಗೆ." ಆಮೇಲೆ ಧ್ವನಿಡಬ್ಬಿಯ ಸುತ್ತ ಒಂದು ಸುತ್ತು ಹಾಕಿ, ಹಿಂದೆ ಬಗ್ಗಿ ನೋಡಿ, ತನ್ನ ಮಾತು ಪೂರ್ತಿ ಸುಳ್ಳಾಗದಂತೆ ತೀರ್ಪು ಕೊಟ್ಟಳು: "ಹೊಟ್ಟಿ ಐತಿ. ಬ್ಯಾರೆ ಇಟ್ಟಾರ."

ಶೆಡ್ಡು ನನ್ನದಾಯಿತು. ಆದರೆ ಪ್ರಕಾಶ ಹೊರಡುವ ಮೊದಲು ಹೊಸ ತಕರಾರು ತೆಗೆದ. ಕಂಪನಿ ಗಿಟಾರಿನ ಜೊತೆ ಸರ್ಟಿಫಿಕೇಟ್ ಬರುತ್ತದೆ. ಅದಿಲ್ಲದಿದ್ದರೆ ಆರ್ಕೆಸ್ಟ್ರಾದವರು ಇದು ಮುರಗೋಡದ್ದು ಎಂದರೆ ನಗುತ್ತಾರೆ. "ಯಾರು ಕೊಡಬೇಕು?" ಎಂದೆ. "ಮಾಡಿದಾವ" ಎಂದ. ಸರ್ಟಿಫಿಕೇಟ್ ಎಂದರೆ ಸಾಲಿನಲ್ಲಿ ನಿಂತು, ಕಿಟಕಿಯೊಳಗೆ ಕೈ ಚಾಚಿ ತೆಗೆದುಕೊಳ್ಳುವ ವಸ್ತು ಎಂದೇ ತಿಳಿದಿದ್ದೆ. ಕಿಟಕಿಯ ಒಳಗಡೆಯೂ ಯಾರೋ ಕುಳಿತಿರುತ್ತಾರೆ, ಅದು ನಾನೂ ಆಗಬಹುದು ಎಂದು ಹೊಳೆದಿರಲಿಲ್ಲ.

ಝರಾಕ್ಸ್ ಅಂಗಡಿಯಿಂದ ದಪ್ಪ ಕಾಗದ ತಂದು ಕೈಯಿಂದಲೇ ಬರೆದೆ. ಮರ: ಕಿತ್ತೂರಿನ ಹಳೆಯ ಮನೆಯ ಸಾಗವಾನಿ, ಬುಡ ಮೈಯ ಕಡೆಗೆ. ಸುರುಳಿ: ದಸ್ತಗೀರಸಾಬರು, ನೇಸರಗಿ. ತಂತಿ: ಉಕ್ಕು. ಗರಗಸದ ಆಚೆಯ ತುದಿ: ಗಂಗವ್ವ, ಮುರಗೋಡ. ಕೆಳಗೆ ನನ್ನ ಸಹಿ, ಅದರ ಮುಂದೆ, ಬಿಡಲು ಮನಸ್ಸಾಗದೆ, ಬಿ.ಎಸ್ಸಿ. ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ಎರಡೂ ಕೈಯಿಂದ ಪ್ರಕಾಶನಿಗೆ ಕೊಟ್ಟೆ. ತನ್ನ ಹೆಸರು ಬಂದಾಗ ಅತ್ತೆ ಸೆರಗು ಸರಿ ಮಾಡಿಕೊಂಡಳು. ಟೆಂಪೋ ಹತ್ತುತ್ತಿದ್ದ ಗಿಟಾರನ್ನು ಕಣ್ಣು ತುಂಬ ನೋಡಿ, ನನ್ನ ಕಡೆ ತಿರುಗಿದಳು.

"ನೀ ಹದಿನೈದು ವರ್ಷ ಸಾಲಿ ಕಲ್ತು ಒಂದು ಸರ್ಟಿಫಿಕೇಟ ತಂದಿ. ನನ್ನ ಕೊಣಮಿಗಿ ನೋಡು, ಐದು ತಿಂಗಳದಾಗ ತಗೊಂಡು ಹೊಂಟತಿ!"